ತಿದ್ದುವುದು ನನ್ನ ಹವ್ಯಾಸ

ಮದುವೆಗೆ ಕರೆಯಲು ಬಂದವರ ಎದುರಿಗೇ ಲಗ್ನಪತ್ರಿಕೆಯಲ್ಲಿ ಕಾಗುಣಿತದ ತಪ್ಪು ಹುಡುಕುವ ಹೆಂಗಸನ್ನು ನೀವು ಎಲ್ಲಾದರೂ ನೋಡಿದ್ದರೆ, ಅದು ಬಹುಶಃ ನಾನೇ. ಹೋದ ತಿಂಗಳು ನನ್ನ ಗಂಡನ ಕಡೆಯ ದೂರದ ನೆಂಟರೊಬ್ಬರು ತಟ್ಟೆಯಲ್ಲಿ ಬಾಳೆಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ಬಂದು ಪತ್ರಿಕೆ ಕೊಟ್ಟರು. ಹೊಳೆಯುವ ಕಾಗದ, ಉಬ್ಬಿದ ಗಣಪತಿ, ಎಲ್ಲ ಚೆನ್ನಾಗಿತ್ತು. ಒಳಗೆ ‘ಆರ್ಶೀವಾದ’ ಎಂದು ಅಚ್ಚಾಗಿತ್ತು. ನನ್ನ ಕೈ ತಾನಾಗಿಯೇ ವ್ಯಾನಿಟಿ ಬ್ಯಾಗಿಗೆ ಹೋಯಿತು, ಕೆಂಪು ಪೆನ್ನು ಹೊರಗೆ ಬಂತು.

“ಅರ್ಕಾವತ್ತು ‘ಶೀ’ಗಲ್ಲ, ‘ವಾ’ಗೆ ಬರ್ಬೇಕು” ಎಂದೆ.

ಟೀಪಾಯಿಯ ಕೆಳಗಿನಿಂದ ನನ್ನ ಗಂಡ ರಮೇಶ ಕಾಲು ತುಳಿದರು. ನೆಂಟರು ಪಾಪ, “ಐನೂರು ಹೊಡ್ಸಿಬಿಟ್ಟಿದೀವಿ ಮೇಡಂ” ಎಂದು ಹೇಳಿ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಬಸವೇಶ್ವರನಗರದ ಒಂದು ಹೋಟೆಲಿನಲ್ಲಂತೂ ‘ಶುದ್ದ ಸಸ್ಯಹಾರಿ’ ಎಂಬ ಬೋರ್ಡು ನೋಡಿ ಗಲ್ಲಾದಲ್ಲಿ ಕೂತ ಹುಡುಗನಿಗೆ ಎರಡೂ ಪದದ ತಪ್ಪು ವಿವರಿಸಿದ್ದೆ. ಆತ ಎಲ್ಲ ಕೇಳಿಸಿಕೊಂಡು, “ಆಂಟಿ, ದೋಸೆ ಚೆನ್ನಾಗಿತ್ತಾ?” ಎಂದ. ಚೆನ್ನಾಗಿತ್ತು. ಒಪ್ಪಿಕೊಳ್ಳಬೇಕಾಯಿತು.

ಇಷ್ಟು ಹೇಳಿದ ಮೇಲೆ ಪರಿಚಯ ಹೇಳಿಕೊಂಡುಬಿಡುತ್ತೇನೆ. ನನ್ನ ಹೆಸರು ವನಜಾಕ್ಷಿ. ಹುಟ್ಟಿ ಬೆಳೆದದ್ದು ರಾಜಾಜಿನಗರ. ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಹಂತ ಬರೆಯದೆ ಬರೀ ಉತ್ತರ ಬರೆದ ಮಕ್ಕಳಿಗೆ ಅರ್ಧ ಅಂಕ ಕತ್ತರಿಸುವವಳು ಎಂದು ಹೆಸರಾಗಿದ್ದೇನೆ. ಉಳಿದ ಸಮಯದಲ್ಲಿ ಯಾರೂ ಸಂಬಳ ಕೊಡದ, ಯಾರು ಬೇಕಾದರೂ ಬರೆಯಬಹುದಾದ ಒಂದು ಆನ್‌ಲೈನ್ ವಿಶ್ವಕೋಶದಲ್ಲಿ ಕನ್ನಡ ಲೇಖನಗಳನ್ನು ತಿದ್ದುತ್ತೇನೆ, ಬರೆಯುತ್ತೇನೆ. ಹವ್ಯಾಸ: ತಿದ್ದುವುದು.

ಇಷ್ಟು ಧೈರ್ಯವಾಗಿ ಹವ್ಯಾಸ ಹೇಳಿಕೊಳ್ಳಲು ನನಗೆ ಐವತ್ತು ವರ್ಷ ಬೇಕಾಯಿತು. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ “ನಿನ್ನ ಹವ್ಯಾಸ ಏನು?” ಎಂದು ಕೇಳಿದಾಗ ಮೊದಲ ಬೆಂಚಿನ ಹುಡುಗಿ “ಅಂಚೆಚೀಟಿ ಸಂಗ್ರಹ” ಎಂದಳು. ಆಮೇಲೆ ಎದ್ದವರೆಲ್ಲ ಅದನ್ನೇ ಹೇಳಿದೆವು. ನನ್ನ ಹತ್ತಿರ ಇದ್ದದ್ದು ಎರಡು ಚೀಟಿ, ಎರಡೂ ಒಂದೇ ಥರದ್ದು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ನಮ್ಮಮ್ಮ “ಹಾಡ್ತಾಳೆ, ಕಸೂತಿ ಹಾಕ್ತಾಳೆ” ಎಂದು ಎರಡು ಸುಳ್ಳು ಒಟ್ಟಿಗೆ ಹೇಳಿದರು. ಆಗ ಗಂಡಿನ ತಂದೆ, ಬಿಳಿ ಪಂಚೆಯ ಎತ್ತರದ ಮನುಷ್ಯ, ನನ್ನ ಕಡೆ ತಿರುಗಿ “ನೀನೇ ಹೇಳಮ್ಮ, ನಿಂಗೇನಿಷ್ಟ?” ಎಂದರು.

“ಲೆಕ್ಕ” ಎಂದೆ.

“ಹಂಗಾದ್ರೆ ಹೇಳು. ಮೂರೆಕರೆ ಹನ್ನೆರಡು ಗುಂಟೆನ ನಾಲ್ಕು ಜನ ಅಣ್ತಮ್ಮಂದ್ರು ಪಾಲು ಮಾಡ್ಕಂಡ್ರೆ ಒಬ್ಬೊಬ್ರಿಗೆ ಎಷ್ಟು?”

“ಮೂವತ್ಮೂರು ಗುಂಟೆ.”

“ಅದ್ರಲ್ಲೊಂದು ಬಾವಿ ಐತೆ. ಅದು ಯಾರ ಪಾಲಿಗೆ?”

“ಬಾವಿ ಪಾಲು ಮಾಡೋಕಾಗಲ್ಲ ಸಾರ್. ಎಲ್ರಿಗೂ ಸೇರ್ಬೇಕು.”

ಅವರು ತೊಡೆ ತಟ್ಟಿಕೊಂಡು ನಕ್ಕರು. ಮದುವೆ ಅಲ್ಲೇ ಗೊತ್ತಾಯಿತು. ರಮೇಶ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಈಗಲೂ ಹಾಗೇ, ನಾಯಂಡಹಳ್ಳಿಯ ತಮ್ಮ ವಾಹನ ಬಿಡಿಭಾಗದ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿ ಮುಗಿಸಿ ಮನೆಗೆ ಮೌನವಾಗಿ ಬರುತ್ತಾರೆ.

ಆ ಬಿಳಿ ಪಂಚೆಯವರೇ ನಮ್ಮ ಮಾವ, ಗಂಗಯ್ಯನವರು. ಈಗ ಎಪ್ಪತ್ತೆಂಟು. ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ, ಉಲ್ಲಾಳದ ಆಚೆಗಿನ ಹೊಂಗೆಪಾಳ್ಯದಲ್ಲಿ. ಒಂದು ಕಾಲಕ್ಕೆ ರಾಗಿ ಹೊಲಗಳ ಊರು, ಈಗ ಲೇಔಟು. ಮಾವನವರ ಹೊಲ ಇದ್ದ ಜಾಗದಲ್ಲಿ ಮೂರಂತಸ್ತಿನ ಮನೆಗಳಿವೆ. ಉಳಿದಿರುವುದು ಮೂಲೆಯ ಒಂದು ಬಾವಿ, ಮೇಲೆ ಕಬ್ಬಿಣದ ಬಲೆ, ಪಕ್ಕದಲ್ಲಿ ಒಂದು ಕಲ್ಲುಬೆಂಚು. ಆ ಬೆಂಚಿನ ಮೇಲೆ ಸಂಜೆ ಹೊತ್ತು ಮಾವ ಮತ್ತು ಅವರ ಸ್ನೇಹಿತರು ಕೂರುತ್ತಾರೆ. ಹೊಸಬರು ಯಾರಾದರೂ ವಾಕಿಂಗಿಗೆ ಬಂದರೆ ಮಾವ ಅವರನ್ನು ನಿಲ್ಲಿಸಿ ಹೇಳುತ್ತಿದ್ದ ಮಾತು ನನಗೆ ಬಾಯಿಪಾಠ: “ಇದು ಗೌಡ್ರ ಬಾವಿ. ನಮ್ಮ ತಾತ ದೊಡ್ಡೇಗೌಡ್ರು ತೋಡ್ಸಿದ್ದು. ಊರಿಗೆಲ್ಲ ನೀರು ಕೊಟ್ಟ ಬಾವಿ.”

ಇನ್ನು ನಾನು ವಿಶ್ವಕೋಶಕ್ಕೆ ಬಂದ ಕತೆ. ಒಂದು ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ತ್ರಾಪಿಜ್ಯದ ವಿಸ್ತೀರ್ಣದ ಬಗ್ಗೆ ಮನೆಯಿಂದ ಬರೆದು ತರಲು ಹೇಳಿದೆ. ನಲವತ್ತೆರಡು ಪುಸ್ತಕ ಬಂತು. ನಲವತ್ತೆರಡರಲ್ಲೂ ಸೂತ್ರದಲ್ಲಿ ‘ಅರ್ಧ’ ಇಲ್ಲ. ಒಬ್ಬರನ್ನೊಬ್ಬರು ನೋಡಿ ಬರೆದಿದ್ದಾರೆ ಎಂದು ಎಲ್ಲರನ್ನೂ ನಿಲ್ಲಿಸಿದೆ. ಕೊನೆಗೆ ಒಬ್ಬಳು ಅಳುತ್ತಾ, “ಮಿಸ್, ನೆಟ್ಟಲ್ಲೇ ಹಂಗಿದೆ” ಎಂದಳು. ಸ್ಟಾಫ್‌ರೂಮಿಗೆ ಬಂದು ನೋಡಿದೆ. ನಿಜವಾಗಿಯೂ ಹಾಗೇ ಇತ್ತು. ಯಾರನ್ನಾದರೂ ಬಯ್ಯಬೇಕು, ಆದರೆ ಯಾರನ್ನು? ಪುಟದಲ್ಲಿ ಲೇಖಕರ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಹುಡುಕುತ್ತಾ ಹೋದಾಗ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಪದ ಕಂಡಿತು: ‘ಸಂಪಾದಿಸಿ’. ಒತ್ತಿದೆ. ಪುಟ ತೆರೆದುಕೊಂಡಿತು. ‘ಅರ್ಧ’ ಸೇರಿಸಿದೆ. ಉಳಿಸಿದೆ. ಲೋಕಕ್ಕೆಲ್ಲ ಸರಿಹೋಯಿತು.

ಅಷ್ಟು ವರ್ಷ ಒಂದೊಂದೇ ಪುಸ್ತಕ ತಿದ್ದಿದವಳಿಗೆ ಲೋಕದ ಪುಸ್ತಕವನ್ನೇ ಮುಂದಿಟ್ಟು “ತಿದ್ದು” ಎಂದರೆ ಹೇಗಾಗಬೇಕು? ನಾನು ಆವತ್ತು ಬಸ್ಸಿನಲ್ಲಿ ನಿಂತುಕೊಂಡೇ ನಗುತ್ತಾ ಬಂದೆ.

ಖಾತೆ ಮಾಡಿಕೊಂಡೆ. ‘ಮಗ್ಗಿಟೀಚರ್’ ಎಂದು ಹೆಸರಿಟ್ಟುಕೊಂಡೆ. ಸದಸ್ಯರ ಪುಟದಲ್ಲಿ ‘ನಿಮ್ಮ ಬಗ್ಗೆ ಬರೆಯಿರಿ’ ಎಂದಿತ್ತು. ಹಾಡು, ಕಸೂತಿ, ಅಂಚೆಚೀಟಿ ಯಾವುದನ್ನೂ ಬರೆಯದೆ ‘ತಿದ್ದುವುದು’ ಎಂದು ಬರೆದು ರಮೇಶನಿಗೆ ತೋರಿಸಿದೆ. “ಇದು ಹವ್ಯಾಸ ಅಲ್ಲ ಕಣೇ, ಕಾಯಿಲೆ” ಎಂದರು. ಅವರ ಪಾಲಿಗೆ ಅದು ದೊಡ್ಡ ಭಾಷಣ.

ಹೀಗೆ ತಿದ್ದಿಕೊಂಡು ಸುಖವಾಗಿದ್ದವಳನ್ನು ಒಂದು ಭಾನುವಾರ ಮಾವ ಕೇಳಿದರು: “ಅದ್ರಲ್ಲಿ ನಮ್ಮೂರು ಐತೇನಮ್ಮಾ?”

“ಇಲ್ಲ ಮಾವ.”

“ನೀನು ಬರಿ ಮತ್ತೆ.”

ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಊರಿನ ಹೆಸರು, ಹೊಂಗೆಮರ, ಶಾಲೆ, ಗುಡಿ. ಕೊನೆಗೆ ಬಾವಿ: ‘ಊರಿಗೆಲ್ಲ ನೀರು ಕೊಟ್ಟ ಈ ಬಾವಿಯನ್ನು ದೊಡ್ಡೇಗೌಡರು ತೋಡಿಸಿದರು.’ ಮಾವ ಆ ಸಾಲನ್ನು ಮೂರು ಸಲ ಓದಿಸಿ ಕೇಳಿಕೊಂಡರು. ಮಾರನೆಯ ದಿನ ಫೋನ್ ಹಿಡಿದುಕೊಂಡು ಬೆಂಚಿಗೆ ಹೋದವರು ಮನೆಗೆ ಬಂದದ್ದು ಊಟದ ಹೊತ್ತಿಗೆ. ವಾಕಿಂಗಿನವರನ್ನು ನಿಲ್ಲಿಸಿ ಇನ್ನು ಹೇಳುವುದೇ ಬೇಡ, ಫೋನ್ ತೋರಿಸಿದರೆ ಸಾಕು.

ಎರಡು ವಾರ ಹೀಗೆ ನಡೆಯಿತು. ಆಮೇಲೆ ‘ಬೆಳ್ಳಕ್ಕಿ’ ಎಂಬ ಹೆಸರಿನ ಸಂಪಾದಕರೊಬ್ಬರು ಆ ಸಾಲಿನ ಮೇಲೆ ಬಂದು ಕೂತರು. ‘ಊರಿಗೆಲ್ಲ’ ಎಂಬ ಪದದ ಪಕ್ಕದಲ್ಲಿ ಒಂದು ‘ಆಧಾರ ಬೇಕು’, ‘ದೊಡ್ಡೇಗೌಡರು ತೋಡಿಸಿದರು’ ಎಂಬುದರ ಪಕ್ಕದಲ್ಲಿ ಇನ್ನೊಂದು ‘ಆಧಾರ ಬೇಕು’. ಒಂದೇ ಸಾಲಿಗೆ ಎರಡು!

ನನಗೆ ಬಂದ ಸಿಟ್ಟನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಚರ್ಚೆ ಪುಟಕ್ಕೆ ಹೋಗಿ, ‘ಇದು ನಮ್ಮ ಮನೆಯವರ ಬಾವಿ. ನಮಗಿಂತ ನಿಮಗೆ ಹೆಚ್ಚು ಗೊತ್ತೇ?’ ಎಂದು ಬರೆದೆ. ಬೆಳ್ಳಕ್ಕಿಯವರು ತಣ್ಣಗೆ ಉತ್ತರ ಕೊಟ್ಟರು: ‘ಉತ್ತರ ಸರಿಯಿರಬಹುದು ಮೇಡಂ. ಹಂತ ಎಲ್ಲಿದೆ?’

ಬೇರೆ ಏನು ಹೇಳಿದ್ದರೂ ಜಗಳ ಮಾಡುತ್ತಿದ್ದೆ. ಇದು ನಾನೇ ದಿನಾ ಕ್ಲಾಸಿನಲ್ಲಿ ಕೇಳುವ ಪ್ರಶ್ನೆ. ಅವರು ನನ್ನ ‘ಮಗ್ಗಿಟೀಚರ್’ ಹೆಸರು ನೋಡಿ ಕೇಳಿದರೋ, ಅಥವಾ ಅವರೂ ಮೇಷ್ಟ್ರೋ, ಇವತ್ತಿಗೂ ಗೊತ್ತಿಲ್ಲ. ಎರಡು ದಿನ ಒದ್ದಾಡಿ ನಾನೇ ಆ ಸಾಲನ್ನು ತೆಗೆದೆ. ತೆಗೆದ ಮೇಲೆ ಲೇಖನದಲ್ಲಿ ಊರಿನ ಹೆಸರು, ಒಂದು ಮರ, ಒಂದು ಗುಡಿ ಬಿಟ್ಟರೆ ಏನೂ ಉಳಿಯಲಿಲ್ಲ. ಇನ್ನೊಬ್ಬರು ಬಂದು ಮೇಲ್ಗಡೆ ಒಂದು ಕೆಂಪು ಫಲಕ ಹಾಕಿದರು: ಏಳು ದಿನದೊಳಗೆ ನಂಬಬಹುದಾದ ಆಧಾರ ಸಿಗದಿದ್ದರೆ ಈ ಲೇಖನವನ್ನು ಅಳಿಸಲಾಗುವುದು.

ಮಾವನಿಗೆ ಇದು ಗೊತ್ತಾದದ್ದು ಬೆಂಚಿನ ಮೇಲೆ. ಯಾರಿಗೋ ತೋರಿಸಲು ಹೋಗಿ ಫೋನ್ ತೆಗೆದರೆ, ಬಾವಿಯೇ ಇಲ್ಲ. ಸೀದಾ ಮನೆಗೆ ಬಂದರು.

“ಯಾರು ತೆಗ್ದಿದ್ದು?”

“ನಾನೇ ಮಾವ. ಪುಸ್ತಕದಲ್ಲಿ ಎಲ್ಲಾದ್ರೂ ಅಚ್ಚಾಗಿದ್ರೆ ಮಾತ್ರ ಹಾಕ್ಬಹುದು. ಬಾಯಲ್ಲಿ ಹೇಳಿದ್ದು ನಡೆಯಲ್ಲ.”

“ಬಾಯಲ್ಲಿ ಹೇಳಿದ್ದು” ಎಂದು ಅವರು ಮೆಲ್ಲಗೆ ನನ್ನ ಮಾತನ್ನೇ ಹೇಳಿದರು. “ನಾನು ಹೇಳಿದ್ದು ಸುಳ್ಳಾಯ್ತಾ, ಹಂಗಾದ್ರೆ?”

ಉತ್ತರಕ್ಕೂ ಕಾಯದೆ ಕೋಣೆಗೆ ಹೋದರು. ಮಾರನೆಯ ದಿನದಿಂದ ಬೆಳಗಿನ ಕಾಫಿ ತಾವೇ ಮಾಡಿಕೊಂಡರು. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ನಾವಿಬ್ಬರೂ ಒಂದು ದಿನವೂ ಮಾತು ಬಿಟ್ಟಿರಲಿಲ್ಲ. ಅವರು ಅಡಿಗೆಮನೆಯಲ್ಲಿ ಸಕ್ಕರೆ ಡಬ್ಬ ಹುಡುಕುವ ಸದ್ದು ಕೇಳುತ್ತಾ ನಾನು ನಡುಮನೆಯಲ್ಲಿ ನಿಂತಿರುತ್ತಿದ್ದೆ. ಹೋಗಿ ತೆಗೆದುಕೊಡಲೂ ಆಗದು, ನಿಂತು ನೋಡಲೂ ಆಗದು.

ಸ್ಕೂಲು ಬಿಟ್ಟ ಮೇಲೆ ಲೈಬ್ರರಿಗಳಿಗೆ ಅಲೆದೆ. ರಾಜಾಜಿನಗರದಲ್ಲಿ ನಾನು ಚಿಕ್ಕವಳಿದ್ದಾಗ ಹೋಗುತ್ತಿದ್ದ ಗ್ರಂಥಾಲಯದಲ್ಲಿ ಜಿಲ್ಲೆಯ ಇತಿಹಾಸದ ದಪ್ಪ ಪುಸ್ತಕಗಳನ್ನೆಲ್ಲ ತಿರುವಿದೆ. ಉಲ್ಲಾಳ ಸಿಕ್ಕಿತು, ಕೆಂಗೇರಿ ಸಿಕ್ಕಿತು, ಹೊಂಗೆಪಾಳ್ಯ ಇಲ್ಲವೇ ಇಲ್ಲ. ಮೂರು ದಿನ ಹೋಯಿತು. ಸೋತು, ಬೆಳ್ಳಕ್ಕಿಯವರಿಗೇ ಬರೆದೆ: ‘ಎಲ್ಲೂ ಸಿಗುತ್ತಿಲ್ಲ. ನೀವಾಗಿದ್ದರೆ ಎಲ್ಲಿ ಹುಡುಕುತ್ತಿದ್ದಿರಿ?’ ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಊರಿನ ಶಾಲೆ ಬೆಳ್ಳಿಹಬ್ಬ ಮಾಡಿದೆಯೇ? ಮಾಡಿದ್ದರೆ ಸ್ಮರಣ ಸಂಚಿಕೆ ತಂದಿರುತ್ತಾರೆ. ಹಳ್ಳಿಯ ಕತೆ ಅಚ್ಚಾಗುವುದು ಅಲ್ಲೇ.’

ಮಾರನೆಯ ದಿನ ಅರ್ಧ ದಿನದ ರಜೆ ಹಾಕಿ ಊರಿನ ಶಾಲೆಗೆ ಹೋದೆ. ಈಗಿನ ಹೆಡ್‌ಮಾಸ್ಟರು ಬೀರು ತೆಗೆದು ತೋರಿಸಿದರು. ಹಳೆಯ ಕಟ್ಟಡದಿಂದ ಬರುವಾಗ ಎಷ್ಟೋ ಕಾಗದ ಹೋಗಿದ್ದವು. “ಆದ್ರೆ ಸರೋಜಮ್ಮ ಮೇಡಂ ಇದಾರೆ ನೋಡಿ, ಕೆಂಗೇರಿ ಉಪನಗರದಲ್ಲಿ. ಆಗ ಇಲ್ಲೇ ಟೀಚರ್ ಆಗಿದ್ರು. ಆ ಪುಸ್ತಕ ಮಾಡ್ಸಿದ್ದೇ ಅವ್ರು” ಎಂದರು.

ಸರೋಜಮ್ಮನವರಿಗೆ ಎಂಬತ್ತನಾಲ್ಕು ವರ್ಷ. ಬೆನ್ನು ಬಾಗಿದೆ, ಧ್ವನಿ ಬಾಗಿಲ್ಲ. ನಾನು ಬಂದ ವಿಷಯ ಹೇಳಿದ ತಕ್ಷಣ, “ಯಾವ ವಿಷಯ ಕಲಿಸ್ತೀಯಮ್ಮ?” ಎಂದರು. ಗಣಿತ ಎಂದೆ. “ಹಾಗಾದ್ರೆ ಪುಸ್ತಕ ಹಾಳು ಮಾಡಲ್ಲ” ಎಂದು ಬೀರುವಿನಲ್ಲಿ ಸೀರೆಗಳ ಕೆಳಗಿನಿಂದ ಒಂದು ತೆಳು ಪುಸ್ತಕ ತೆಗೆದರು. ನೀಲಿ ರಟ್ಟು, ಅಂಚು ನುಸಿ ತಿಂದಿತ್ತು.

“ನಮ್ಮ ಮಾವ ಗಂಗಯ್ಯನವರು ನಿಮಗೆ ಗೊತ್ತಿರ್ಬೇಕು” ಎಂದೆ.

“ಗೊತ್ತಿಲ್ದೆ ಏನು! ಆಗ ಯುವಕ ಸಂಘದ ಕಾರ್ಯದರ್ಶಿ. ಬೆಳ್ಳಿಹಬ್ಬದ ದಿನ ವೇದಿಕೆ ಮೇಲೆ ಕೂತಿದ್ರು. ಮೊದಲನೇ ಪ್ರತಿ ಅವರ ಕೈಗೇ ಕೊಟ್ಟಿದ್ದು ನಾನು.”

ಪುಟ ತಿರುವಿದರು. ಮೊದಲಿನಲ್ಲೇ ಮಾವನ ಭಾವಚಿತ್ರ, ಬಾಚಿದ ಕಪ್ಪು ಕೂದಲು, ಕಿವಿಯವರೆಗೆ ಬಂದ ಕಾಲರು. ಹನ್ನೊಂದನೇ ಪುಟದಲ್ಲಿ ಒಂದು ಲೇಖನ, ‘ನಮ್ಮೂರ ನೀರು’. ಬರೆದವರು ಸರೋಜಮ್ಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿನ ಮುದುಕಿಯರನ್ನು ಕೂರಿಸಿಕೊಂಡು ಕೇಳಿ ಬರೆದದ್ದು. ನಾನು ನಿಂತೇ ಓದಿದೆ. ಅರ್ಧ ಓದುವಷ್ಟರಲ್ಲಿ ಕುರ್ಚಿ ಬೇಕಾಯಿತು.

ಬಾವಿ ತೋಡಿಸಿದ್ದು ದೊಡ್ಡೇಗೌಡರಲ್ಲ. ತೋಡಿದ್ದು ಅವರ ಹೆಂಡತಿ ಪುಟ್ಟನಂಜಮ್ಮ. ಆಗ ಊರಿನ ಹೆಂಗಸರು ನೀರಿಗೆ ಕೆರೆಯವರೆಗೂ ಹೋಗಬೇಕಿತ್ತು. ಬೇಸಿಗೆಯೆಲ್ಲ ಹೊಲದ ಮೂಲೆಯ ಹೊಂಗೆಮರ ಹಸಿರಾಗಿಯೇ ಇರುವುದನ್ನು ಪುಟ್ಟನಂಜಮ್ಮ ನೋಡಿದ್ದರು. ಅಲ್ಲಿ ನೀರಿದೆ ಎಂದರು. ಅಲ್ಲಿ ಬಂಡೆ ಇದೆ, ಹೊಲ ಕೆಡುತ್ತದೆ, ಬೇಡ ಎಂದರು ಗೌಡರು. ಪುಟ್ಟನಂಜಮ್ಮನ ಮಾತನ್ನು ಸರೋಜಮ್ಮ ಇದ್ದ ಹಾಗೇ ಬರೆದಿದ್ದರು: “ಗೌಡ್ರು ಬ್ಯಾಡ ಅಂದ್ರು. ಕೇಳುಸ್ಕಂಡೆ. ಆಮ್ಯಾಕೆ ಗುದ್ದಲಿ ತಗಂಡೆ.”

ಅವರ ಜೊತೆ ಇನ್ನೂ ಎಂಟು ಹೆಂಗಸರು. ಮನೆಗೆಲಸ ಮುಗಿಸಿ ಬಂದು ಒಬ್ಬರು ಅಗೆಯುವುದು, ಒಬ್ಬರು ತುಂಬುವುದು, ಉಳಿದವರು ಮಂಕರಿಯಲ್ಲಿ ಮಣ್ಣು ಎತ್ತಿ ಹಾಕುವುದು. ಗಂಡಸರು ದಿನಾ ಬಂದು ನಗುತ್ತಿದ್ದರಂತೆ. ಮೂರಾಳು ಆಳಕ್ಕೆ ನೀರು ಬಂತು. ಆವತ್ತು ಗೌಡರೇ ಬಂದು ಇಣುಕಿ ನೋಡಿದರು. ಕಲ್ಲು ಕಟ್ಟಿಸಿದ್ದು ಮಾತ್ರ ಅವರು. ಅವರ ಹೊಲದಲ್ಲಿದ್ದದ್ದರಿಂದ ಗೌಡರ ಬಾವಿ ಎಂದಾಯಿತು.

ಕೆಳಗೆ ಒಂಬತ್ತೂ ಜನರ ಹೆಸರು. ಅದಾದ ಮೇಲೆ ಕೊನೆಯ ಪ್ಯಾರಾ. ಒಂಬತ್ತು ಜನರಲ್ಲಿ ಚಿಕ್ಕಮುನಿಯಮ್ಮ, ಮಾರಕ್ಕ ಇಬ್ಬರು ಊರಾಚೆ ಕೇರಿಯವರು. ತೋಡುವಾಗ ಎಲ್ಲರ ಜೊತೆ ಬಾವಿಯೊಳಗೆ ಇಳಿದವರು ನೀರು ಬಂದ ಮೇಲೆ ಬಾವಿಯಿಂದ ದೂರ ನಿಂತು, ಬೇರೆಯವರು ಸೇದಿ ಹುಯ್ದ ನೀರು ಹಿಡಿದುಕೊಂಡು ಹೋಗಬೇಕಾಯಿತು. “ಅದೊಂದು ನನ್ನ ಕೈಲಾಗ್ಲಿಲ್ಲ ತಾಯಿ” ಎಂದು ಪುಟ್ಟನಂಜಮ್ಮ ಅತ್ತಿದ್ದರು.

‘ಊರಿಗೆಲ್ಲ’ ಎಂಬ ಪದದ ಪಕ್ಕದಲ್ಲಿ ಬೆಳ್ಳಕ್ಕಿ ಕೂತದ್ದು ಸುಮ್ಮನೆ ಆಗಿರಲಿಲ್ಲ.

“ಇದನ್ನ ಕೇಳ್ಕೊಂಡು ಇಷ್ಟು ವರ್ಷದಲ್ಲಿ ಬಂದವಳು ನೀನೊಬ್ಬಳೇ” ಎಂದರು ಸರೋಜಮ್ಮ. “ಆವತ್ತು ಎಲ್ರೂ ಅವರವರ ಫೋಟೋ ನೋಡ್ಕೊಂಡು ಪುಸ್ತಕ ಮುಚ್ಚಿಟ್ರು.”

ನಾನು ಪುಟಗಳ ಫೋಟೋ ತೆಗೆದುಕೊಂಡೆ. ಬಸ್ಸು ಹತ್ತಿದ ಮೇಲೆ ಖುಷಿಗಿಂತ ಭಯವೇ ಹೆಚ್ಚಾಯಿತು. ಲೇಖನ ಉಳಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಸಾಲು ತೆಗೆದದ್ದಕ್ಕೇ ಮಾತು ಬಿಟ್ಟವರಿಗೆ, ನಿಮ್ಮ ತಾತ ಬಾವಿ ಬೇಡ ಎಂದಿದ್ದರು ಎಂದು ಹೇಗೆ ಹೇಳುವುದು? ಹೇಳದೆ ಬರೆಯುವುದು ಹೇಗೆ? ಒಂದು ಯೋಚನೆ ಬಂದದ್ದನ್ನು ಮುಚ್ಚಿಡುವುದಿಲ್ಲ: ಬಾವಿ ಇದೆ, ಹಳೆಯದು ಎಂದಷ್ಟೇ ಬರೆದು, ಉಳಿದದ್ದನ್ನು ಬಿಟ್ಟುಬಿಟ್ಟರೆ? ಆಧಾರವೂ ಆಯಿತು, ಮನೆಯೂ ಉಳಿಯಿತು. ನಮ್ಮ ಸ್ಟಾಪು ಬರುವವರೆಗೂ ಅದನ್ನೇ ಲೆಕ್ಕ ಹಾಕಿದೆ. ಅರ್ಧ ಬಿಟ್ಟ ಸೂತ್ರಕ್ಕೆ ನಲವತ್ತೆರಡು ಮಕ್ಕಳನ್ನು ನಿಲ್ಲಿಸಿದವಳು ನಾನು. ಆಗಲಿಲ್ಲ.

ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಚಪ್ಪಲಿ ಬಿಟ್ಟು ಅವರ ಎದುರಿಗೇ ಕೂತೆ. ರಮೇಶ ಅಂಗಡಿಯಿಂದ ಆಗಷ್ಟೇ ಬಂದು ಬಾಗಿಲಲ್ಲಿ ನಿಂತರು.

“ಮಾವ, ಆಧಾರ ಸಿಕ್ಕಿದೆ. ಸ್ಕೂಲಿನ ಬೆಳ್ಳಿಹಬ್ಬದ ಪುಸ್ತಕದಲ್ಲಿ.”

ಪೇಪರ್ ಕೆಳಗಿಳಿಯಿತು. “ನಾನು ಹೇಳ್ಲಿಲ್ವಾ!”

“ನೀವು ಹೇಳಿದ್ದಲ್ಲ ಮಾವ. ಬೇರೆ ಇದೆ. ಓದ್ತೀನಿ, ಪೂರ್ತಿ ಕೇಳ್ಬೇಕು.”

ಓದಿದೆ. ಗೌಡರು ಬೇಡ ಎಂದ ಕಡೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

“ಯಾರು ಹೇಳಿದ್ದು ಇದು?”

“ನಿಮ್ಮಜ್ಜಿ ಮಾವ. ಅವರೇ ಹೇಳಿದ್ದು.”

“ನಮ್ಮಜ್ಜೀನಾ?”

“ಪುಟ್ಟನಂಜಮ್ಮ. ಕೇಳಿ, ಅವರ ಮಾತನ್ನ ಹಾಗೇ ಬರ್ದಿದಾರೆ.” ಆ ಸಾಲು ಓದಿದೆ. ಕೇಳುಸ್ಕಂಡೆ, ಆಮ್ಯಾಕೆ ಗುದ್ದಲಿ ತಗಂಡೆ.

ಮಾವನ ಮುಖದಲ್ಲಿ ಏನೋ ಸಡಿಲವಾಯಿತು. “ಹಂಗೇ ಮಾತಾಡೋದು ಅವಳು” ಎಂದರು. “ಥೇಟು ಹಂಗೇ.” ಕೊನೆಯ ಪ್ಯಾರಾವನ್ನು ನಾನು ನಿಧಾನವಾಗಿ ಓದಿ ಮುಗಿಸಿದೆ. ಅವರು ಎದ್ದು ಗೇಟು ತೆಗೆದು ಹೊರಟರು. ರಮೇಶ ಹಿಂದೆ ಹೋಗಲು ನೋಡಿದರು, ನಾನು ಬೇಡ ಎಂದೆ. ಮಹಡಿ ಹತ್ತಿ ನೋಡಿದರೆ ಬಾವಿಯ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಯಾರನ್ನೂ ನಿಲ್ಲಿಸಲಿಲ್ಲ.

ಸಾರು ಇಳಿಸುವ ಹೊತ್ತಿಗೆ ವಾಪಸ್ಸು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

“ಚಿಕ್ಕೋನಿದ್ದಾಗ ಅಜ್ಜಿ ಅಂಗೈ ಮುಟ್ಟಿದ್ರೆ ಗಟ್ಟಿಗಿರೋದು, ಹಲಗೆ ಹಂಗೆ. ಯಾಕಜ್ಜಿ ಅಂದ್ರೆ ನಗೋಳು. ನಾವ್ಯಾರೂ ಎರಡನೇ ಸಲ ಕೇಳ್ಲಿಲ್ಲ.” ಆಮೇಲೆ ಹೇಳಿದರು, “ಬರಿಯಮ್ಮಾ. ಇರೋದು ಇದ್ದಂಗೆ ಬರಿ. ತಾತ ಬ್ಯಾಡ ಅಂದಿದ್ದೂ ಬರಿ. ಆ ಕೊನೇದೂ ಬರಿ. ಒಂಬತ್ತು ಹೆಸ್ರಲ್ಲಿ ಒಂದೂ ಬಿಡ್ಬೇಡ.”

“ಬರೀತೀನಿ ಮಾವ.”

“ಕಾಗುಣಿತ ತಪ್ಪಬಾರ್ದು.”

ನನಗೆ! ಈ ಮಾತು ನನಗೆ! ಜೋರಾಗಿ ನಕ್ಕುಬಿಟ್ಟೆ. ಅವರೂ ನಕ್ಕರು. “ಕಾಫಿ ಮಾಡ್ತೀಯಾ? ಐದು ದಿನದಿಂದ ನಾನು ಮಾಡಿದ್ದು ನಾನೇ ಕುಡ್ದು ನಾಲಿಗೆ ಕೆಟ್ಟೋಗೈತೆ” ಎಂದರು.

ಬರೆದೆ. ಪುಸ್ತಕದ ಹೆಸರು, ಲೇಖನದ ಹೆಸರು, ಬರೆದವರ ಹೆಸರು, ಪುಟಸಂಖ್ಯೆ, ಎಲ್ಲ ಹಂತ ಹಂತವಾಗಿ ಹಾಕಿದೆ. ಆರನೇ ದಿನ ಬೆಳಗ್ಗೆ ಮೂರನೇ ಪೀರಿಯಡ್ಡು ಮುಗಿಸಿ ಸ್ಟಾಫ್‌ರೂಮಿಗೆ ಬಂದು ನೋಡಿದರೆ ಕೆಂಪು ಫಲಕ ಇಲ್ಲ. ಚರ್ಚೆ ಪುಟದಲ್ಲಿ ಬೆಳ್ಳಕ್ಕಿಯವರ ಸಾಲು: ‘ಪೂರ್ತಿ ಅಂಕ, ಮೇಡಂ.’ ಪಕ್ಕದಲ್ಲಿ ಕೂತಿದ್ದ ಹಿಂದಿ ಟೀಚರನ್ನು ತಬ್ಬಿಕೊಂಡುಬಿಟ್ಟೆ. ಅವರು ಗಾಬರಿಯಾಗಿ, “ಟ್ರಾನ್ಸ್‌ಫರ್ ಆಯ್ತಾ?” ಎಂದರು.

ಮುಂದಿನ ತಿಂಗಳು ವಿಶ್ವಕೋಶದ ಮುಖಪುಟದಲ್ಲಿ ‘ನಿಮಗೆ ಗೊತ್ತೇ’ ಎಂಬ ಜಾಗದಲ್ಲಿ ಒಂದು ಸಾಲು ಬಂತು: ಹೊಂಗೆಪಾಳ್ಯದ ಬಾವಿಯನ್ನು ಒಂಬತ್ತು ಹೆಂಗಸರು ತೋಡಿದರು. ಆವತ್ತು ಭಾನುವಾರ. ಮಾವ ಬೆಳಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಜಗಲಿಯಲ್ಲಿ ನನಗಾಗಿ ಕಾಯುತ್ತಾ ನಿಂತಿದ್ದರು.

“ಫೋನ್ ತಗಂಡು ಬಾಮ್ಮ. ನಮ್ಮದು ಬಿಟ್ಟು ಉಳಿದ ಎಂಟು ಮನೆಗೂ ಹೋಗ್ಬೇಕು.”

ಬೆಂಚಿನ ಸ್ನೇಹಿತರ ಮನೆಗಳು ದಾರಿಯಲ್ಲೇ ಇದ್ದವು. ಅವರು ಅವುಗಳನ್ನೆಲ್ಲ ದಾಟಿ, ಲೇಔಟಿನ ಆ ಕಡೆ ತುದಿಗೆ ಕರೆದುಕೊಂಡು ಹೋದರು. ಹಸಿರು ಗೇಟಿನ ಎರಡಂತಸ್ತಿನ ಮನೆ. ಅದು ಕೆಂಪಮ್ಮನವರ ಮನೆ ಎಂದು ನನಗೆ ಗೊತ್ತಿತ್ತು. ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು, ಬಸ್ ಸ್ಟಾಪಿನಲ್ಲಿ ಸಿಕ್ಕಾಗ ನಗುತ್ತಾರೆ. ಅವರು ಚಿಕ್ಕಮುನಿಯಮ್ಮನ ಮೊಮ್ಮಗಳು ಎಂದು ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿತ್ತು. ಈ ಮನೆಯ ಗೇಟನ್ನು ಅವರು ತೆಗೆದದ್ದು ಇದೇ ಮೊದಲು ಎಂಬುದೂ ಅವರಿಗೆ ಗೊತ್ತಿತ್ತು. ಚಿಲಕ ಹುಡುಕಲು ಅಷ್ಟು ಹೊತ್ತು ಹಿಡಿಯಿತು.

ಕೆಂಪಮ್ಮ ಬಾಗಿಲು ತೆಗೆದು, ನಮ್ಮಿಬ್ಬರನ್ನೂ ನೋಡಿ, “ಏನ್ ಗೌಡ್ರೇ, ಇತ್ಲಾಗೆ?” ಎಂದರು. ನಗುವಿನಲ್ಲಿ ಸ್ವಲ್ಪ ಬಿಗಿಯಿತ್ತು.

“ನಿಮ್ಮಜ್ಜಿ ಹೆಸ್ರು ಬಂದೈತೆ ಕೆಂಪಮ್ಮ. ಓದ್ಸೋಣ ಅಂತ ನಮ್ಮ ಸೊಸೆನ ಕರ್ಕಂಡು ಬಂದೆ. ಮೊದ್ಲೇ ಬರ್ಬೇಕಿತ್ತು. ಭಾಳ ಮೊದ್ಲೇ.”

ಅವರು ಒಂದು ಕ್ಷಣ ಮಾವನನ್ನೇ ನೋಡಿದರು. ಆಮೇಲೆ ಬಾಗಿಲು ಪೂರ್ತಿ ತೆಗೆದರು. “ಒಳಗೆ ಬನ್ನಿ.”

ಸೋಫಾದ ಮೇಲೆ ಕೂತು ಓದಿದೆ. ಚಿಕ್ಕಮುನಿಯಮ್ಮ ಎಂದು ಬಂದಾಗ ಕೆಂಪಮ್ಮ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಟೀವಿ ಪಕ್ಕದಲ್ಲಿ ಇಟ್ಟುಬಿಟ್ಟರು. ಕೊನೆಯ ಪ್ಯಾರಾ ಮುಗಿಯುವವರೆಗೂ ನಿಂತೇ ಇದ್ದರು.

“ನಮ್ಮಜ್ಜಿ ಸಾಯೋವರ್ಗೂ ಹೇಳ್ತಿತ್ತು” ಎಂದರು. “ಆ ಬಾವಿ ನಾನು ತೋಡಿದ್ದು, ನಾನು ತೋಡಿದ್ದು ಅಂತ. ವಯಸ್ಸಾಯ್ತು, ಏನೋ ಬಡಬಡಿಸ್ತದೆ ಅಂತ ನಾವ್ ನಗ್ತಿದ್ವಿ. ನಾನೇ ನಕ್ಕಿದೀನಿ ಮೇಡಂ. ಅದ್ರ ಮುಖದ್ ಮುಂದೆ ನಕ್ಕಿದೀನಿ.”

ಮಾವ ತಲೆ ತಗ್ಗಿಸಿದರು. ಕೆಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲ ಹತ್ತಿರ ಹೋದರು. ಇಡೀ ಮನೆ ನಡುಗುವ ಹಾಗೆ ಕೂಗಿದರು:

“ಏಯ್, ಎಲ್ರೂ ಕೆಳಗೆ ಬನ್ರೋ! ಟೀವಿ ಆರ್ಸಿ, ಎಲ್ರೂ ಬನ್ನಿ! ನಮ್ಮಜ್ಜಿ ಸುಳ್ಳು ಹೇಳಿರ್ಲಿಲ್ಲ ಕಣ್ರೋ!”

ಮೇಲಿನಿಂದ ಧಡಧಡನೆ ಕಾಲಿನ ಸದ್ದು. ಮಗ, ಸೊಸೆ, ಮೊಮ್ಮಕ್ಕಳು, ಬಾಡಿಗೆಗೆ ಇದ್ದವರೂ ಸೇರಿ ಮೆಟ್ಟಿಲ ತುಂಬ ಜನ ನಿಂತರು. ಕೆಂಪಮ್ಮ ನನ್ನ ಎದುರಿಗೆ ಬಂದು ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡರು.

“ಇನ್ನೊಂದ್ಸಲ ಓದಿ ಮೇಡಂ. ಗಟ್ಟಿಯಾಗಿ.”

ನಾನು ಎದ್ದು ನಿಂತೆ. ಕೊನೆಯ ಬೆಂಚಿಗೂ ಕೇಳುವ ಹಾಗೆ ಮಾತಾಡಿ ನನಗೆ ಇಪ್ಪತ್ತಾರು ವರ್ಷದ ಅಭ್ಯಾಸವಿದೆ. ಒಂಬತ್ತು ಹೆಸರನ್ನೂ, ಒಂದೊಂದೇ, ಬಿಡಿಸಿ ಬಿಡಿಸಿ ಓದಿದೆ.